ಕೊಕ್ಕೆ ಬರಹದ ಸರ್

ಮೊನ್ನೆ ಆಸ್ಪತ್ರೆಯಲ್ಲಿ ನರ್ಸ್ ನನ್ನ ತೋಳಿಗೆ ಸೂಜಿ ಹಾಕುವ ಮೊದಲು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರು. ಸೂಜಿಯ ನೋವು ಅಷ್ಟಾಗಿ ಗೊತ್ತಾಗಲಿಲ್ಲ. ಆ ವಾಸನೆಗೆ ಕೊಪ್ಪಳದಿಂದ ಭಾಗ್ಯನಗರಕ್ಕೆ ಹೋಗುವ ರಸ್ತೆಯ ಒಂದು ಮಹಡಿ ಕೋಣೆ ನೆನಪಾಯಿತು. ಕೆಳಗೆ ಸೀರೆ ಅಂಗಡಿ, ಹಿಂದಿನ ಓಣಿಯಿಂದ ಮಗ್ಗದ ಸದ್ದು, ಮೇಲೆ ನಮ್ಮ ಕಂಪ್ಯೂಟರ್ ಕ್ಲಾಸು. ಬೆಳಿಗ್ಗೆ ನಾವು ಚಪ್ಪಲಿ ಬಿಟ್ಟು ಒಳಗೆ ಹೋಗುವ ಹೊತ್ತಿಗೆ ಸರ್ ಒಂದೊಂದೇ ಕೀಬೋರ್ಡು ಮುಂದಿಟ್ಟುಕೊಂಡು ಸ್ಪಿರಿಟ್ ಹತ್ತಿಯಿಂದ ಅದರ ಗುಂಡಿಗಳನ್ನು ಒರೆಸುತ್ತಿದ್ದರು. ಹುಡುಗರು ಮಿರ್ಚಿ ಭಜಿ ತಿಂದ ಕೈಯಲ್ಲೇ ಬರುತ್ತಾರೆ ಎಂಬ ಸಿಟ್ಟು ಅವರಿಗೆ. ಅವಸರವಿಲ್ಲದೆ, ಕೂಸಿನ ಬೆರಳು ಒರೆಸಿದ ಹಾಗೆ ಒರೆಸುತ್ತಿದ್ದರು...

ಸರ್ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಬರೆಯಬೇಕು ಎಂದು ಅನೇಕ ಸಲ ಕೂತು ಎದ್ದಿದ್ದೇನೆ. ನನಗೆ ಬರೆದು ರೂಢಿಯಿಲ್ಲ. ನಾನು ಟೈಪಿಸ್ಟು. ಇನ್ನೊಬ್ಬರು ಬರೆದದ್ದನ್ನು ನೋಡಿ ಬಡಿಯುವುದಷ್ಟೇ ನಾನು ಕಲಿತದ್ದು.

ಕೊಪ್ಪಳ ಜಿಲ್ಲೆ ಆದಾಗ ಊರಿಗೆ ಹೊಸ ಹೊಸ ಕಚೇರಿಗಳು ಬಂದವು. ಸೀನಿಯರ್ ಟೈಪಿಂಗ್ ಪಾಸಾಗಿದ್ದ ನನ್ನಂಥವರಿಗೆ ಇನ್ನೇನು ಕೆಲಸ ಸಿಕ್ಕೇ ಬಿಟ್ಟಿತು ಎಂಬ ಆಸೆ ಹುಟ್ಟಿತು. ಆದರೆ ಕಚೇರಿಗಳ ಹಿಂದೆಯೇ ಕಂಪ್ಯೂಟರ್‌ಗಳೂ ಬಂದವು. ಟೈಪಿಂಗ್ ಇನ್ಸ್‌ಟಿಟ್ಯೂಟಿನ ಯಂತ್ರಗಳ ಮೇಲೆ ಧೂಳು ಕೂತಿತು. ಆಗ ನಾನು ಈ ಮಹಡಿ ಕೋಣೆಯ ಕ್ಲಾಸಿಗೆ ಸೇರಿದೆ. ಅಲ್ಲಿದ್ದವರಲ್ಲಿ ನಾನೇ ಹಿರಿಯಳು. ಮದುವೆಯಾಗಿ ಒಂದು ಮಗುವಿನ ತಾಯಿ. ಅದಕ್ಕೇ ಇರಬೇಕು, ಸರ್ ಮೊದಲ ದಿನದಿಂದಲೇ ನನ್ನನ್ನು ಗೌರವದಿಂದ ‘ಬಾಯಾರ’ ಎಂದು ಕರೆದರು.

ಸರ್ ಮುನಿರಾಬಾದಿನವರು. ತಂದೆ ಡ್ಯಾಮಿನ ಕಚೇರಿಯಲ್ಲಿದ್ದರು. ಕಾಲನಿಯಲ್ಲೇ ಆಡಿ ಬೆಳೆದವರು. ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಅವರು ಕಲಿಸುತ್ತಿದ್ದದ್ದು ಇಂಟರ್‌ನೆಟ್ಟಿನಲ್ಲಿ ಕಾಣುವ ಪುಟಗಳನ್ನು ಬರೆಯುವ ಭಾಷೆ, ಎಚ್.ಟಿ.ಎಂ.ಎಲ್. ಅಂತ. ಪುಟದ ಮೇಲೆ ಅಕ್ಷರ ದಪ್ಪಗೆ ಕಾಣಬೇಕಾದರೆ ಅದರ ಹಿಂದೆ ಒಂದು ಗುರುತು, ಮುಂದೆ ಒಂದು ಗುರುತು ಹಾಕಬೇಕು. ಮೊದಲನೆಯದು ‘ಇಲ್ಲಿಂದ ದಪ್ಪ’ ಎಂದು ಹೇಳುತ್ತದೆ, ಎರಡನೆಯದು ‘ಇಲ್ಲಿಗೆ ಸಾಕು’ ಎನ್ನುತ್ತದೆ. ಆ ಗುರುತುಗಳ ಎರಡೂ ಬದಿಗೆ ಮೊನಚು ಕಂಸಗಳಿರುತ್ತವೆ. ಕೊಕ್ಕೆಯ ಹಾಗೆ ಕಾಣುತ್ತವೆ ಎಂದು ನಮ್ಮ ಹುಡುಗರು ಅದಕ್ಕೆ ‘ಕೊಕ್ಕಿ’ ಎಂದು ಹೆಸರಿಟ್ಟರು. ಸರ್ ಹೆಸರೂ ಹಾಗೆಯೇ ‘ಕೊಕ್ಕಿ ಸರ್’ ಆಯಿತು. ಅವರಿಗೂ ಅದು ಗೊತ್ತಿತ್ತು.

ಪಾಠ ನಡೆಯುತ್ತಿದ್ದದ್ದು ನೋಟ್‌ಪ್ಯಾಡಿನಲ್ಲಿ. ಬರಿಯ ಬಿಳಿ ಹಾಳೆಯಂಥ ಪರದೆ, ಒತ್ತಲು ಯಾವ ಚಿತ್ರವೂ ಇಲ್ಲ, ಎಲ್ಲವನ್ನೂ ಕೈಯಿಂದಲೇ ಹೊಡೆಯಬೇಕು. ಒಂದು ಗುರುತು ಮುಚ್ಚಲು ಮರೆತರೆ ಕೆಳಗಿನದೆಲ್ಲ ದಪ್ಪಗಾಗಿಬಿಡುತ್ತಿತ್ತು. ಗಂಗಾವತಿ ಕಡೆಯ ಒಬ್ಬ ಹುಡುಗ, “ಸರ್, ಮುಚ್ಚಲಿಲ್ಲ ಅಂದ್ರ ಏನ್ ಲುಕ್ಸಾನ್ರಿ?” ಎಂದು ಕೇಳಿದ.

“ನಿಮ್ಮ ಹೊಲಕ್ಕ ಕಾಲುವಿ ನೀರು ಬಿಟ್ಕೊಂಡು ತೂಬು ಮುಚ್ಚಲಾರ್ದ ಮನಿಗೆ ಹೋದ್ರ ಏನಾಗ್ತೈತಪಾ?”

“ಕೆಳಗಿನ ಹೊಲದಾವ ಕೊಡ್ಲಿ ತಗೊಂಡು ಬರ್ತಾನ್ರಿ.”

“ಹಾಂ. ಇಲ್ಲೂ ಹಂಗ. ನೀರು ತಾನಾಗಿ ನಿಂದ್ರೂದಿಲ್ಲ.”

ಡ್ಯಾಮಿನ ಕಾಲನಿಯವರ ಪಾಠ ಹೀಗಿರುತ್ತಿತ್ತು. ಒಮ್ಮೆ ಕೇಳಿದರೆ ಮರೆಯುವಂತಿರಲಿಲ್ಲ.

ಅವರಿಗೆ ಕೆಲವು ರೂಢಿಗಳಿದ್ದವು. ಮೌಸ್ ಮುಟ್ಟುತ್ತಿರಲಿಲ್ಲ. ಯಾರಾದರೂ ಕೇಳಿದರೆ, “ಇಲಿ ಹಿಡ್ಯಾಕ ನಾ ಏನ್ ಬೆಕ್ಕೇನ್ರಿ?” ಎನ್ನುತ್ತಿದ್ದರು. ಬೆರಳುಗಳು ಮಾತ್ರ ಕೀಬೋರ್ಡಿನ ಮೇಲೆ ಮಳೆ ಬಿದ್ದ ಹಾಗೆ ಓಡುತ್ತಿದ್ದವು. ಪುಟ ಮುಗಿದ ಮೇಲೆ ನಮ್ಮಲ್ಲಿ ಒಬ್ಬರನ್ನು ಕರೆದು, “ಏನು ಬಂದೈತಿ, ಬಾಯಿ ಬಿಟ್ಟು ಹೇಳ್ರಿ” ಎನ್ನುತ್ತಿದ್ದರು. ಮೇಲೆ ಏನಿದೆ, ಬಣ್ಣ ಯಾವುದು, ಚಿತ್ರ ಎಡಕ್ಕೋ ಬಲಕ್ಕೋ, ಎಲ್ಲ ಹೇಳಬೇಕು. ನೋಡುವುದನ್ನು ಕಲಿಸುವ ಅವರ ವಿಧಾನ ಇದು ಎಂದು ನಾವು ತಿಳಿದಿದ್ದೆವು. ಹೊತ್ತು ಇಳಿಯುವ ಮೊದಲೇ ಅವರು ರೈಲಿಗೆ ಹೊರಡುತ್ತಿದ್ದರು. ಎಂಥ ಕೆಲಸವಿದ್ದರೂ ನಿಲ್ಲುತ್ತಿರಲಿಲ್ಲ. ಕ್ಲಾಸಿನ ಮಾಲೀಕರು ನಕ್ಕು, “ನಮ್ಮ ಸರ್ ಕೋಳಿ ಇದ್ದಂಗ. ಕತ್ಲಾಗೂದ್ರಾಗ ಗೂಡು ಸೇರಬೇಕು” ಎನ್ನುತ್ತಿದ್ದರು. ಸರ್ ಕೂಡ ನಗುತ್ತಿದ್ದರು...

ಆ ಹೊತ್ತಿಗೆ ಗಂಗಾವತಿಯಲ್ಲಿ ಇನ್ನೊಂದು ಕ್ಲಾಸು ಶುರುವಾಗಿ, ಕೊಕ್ಕೆ ಗಿಕ್ಕೆ ಏನೂ ಇಲ್ಲದೆ ವೆಬ್ ಪುಟ ಮಾಡುವುದನ್ನು ಕಲಿಸುತ್ತೇವೆ ಎಂದು ಗೋಡೆಗೋಡೆಗೂ ಬರೆಸಿದರು. ನಮ್ಮಲ್ಲಿಂದ ಕೆಲವರು ಬಿಟ್ಟು ಹೋದರು. ಮಾಲೀಕರು ಭಾಗ್ಯನಗರದ ಸೀರೆ ವ್ಯಾಪಾರದ ಮನೆಯವರು, ಗಿರಾಕಿ ಯಾಕೆ ಎದ್ದು ಹೋದ ಎಂಬುದು ಅವರಿಗೆ ಬೇಗ ತಿಳಿಯುತ್ತಿತ್ತು. ಒಂದು ದಿನ ಅವರು ಹೊಸ ಸಾಫ್ಟ್‌ವೇರ್ ತಂದು ಎಲ್ಲ ಯಂತ್ರಗಳಿಗೂ ಹಾಕಿಸಿದರು.

ಅದರಲ್ಲಿ ಪರದೆಯ ಮೇಲ್ಭಾಗದ ತುಂಬ ಚಿತ್ರದ ಗುಂಡಿಗಳು. ದಪ್ಪ ಅಕ್ಷರಕ್ಕೆ ಒಂದು ಗುಂಡಿ, ಬಣ್ಣಕ್ಕೆ ಒಂದು, ಫೋಟೋಕ್ಕೆ ಒಂದು. ಕಾಗದದ ಮೇಲೆ ಬರೆದಂತೆ ಬರೆಯುತ್ತ, ಬೇಕಾದ ಗುಂಡಿ ಒತ್ತುತ್ತ ಹೋದರೆ ಪುಟ ತಯಾರು. ಕೊಕ್ಕೆ ಬರಹವನ್ನು ಅದು ತಾನೇ ಹಿಂದುಗಡೆ ಬರೆದುಕೊಳ್ಳುತ್ತಿತ್ತು. ಪರದೆಯ ಅಡಿಯಲ್ಲಿ ಬೆರಳ ತುದಿಯಷ್ಟಗಲದ ಮೂರು ಗುಂಡಿಗಳಿದ್ದವು. ಒಂದು ಪುಟವನ್ನು ಬರೆಯುವ ಕಡೆ, ಒಂದು ಅದರ ಹಿಂದಿನ ಕೊಕ್ಕೆಗಳ ಕಡೆ, ಮತ್ತೊಂದು ಮುಗಿದ ಪುಟ ಜನಕ್ಕೆ ಹೇಗೆ ಕಾಣುತ್ತದೆ ಎಂದು ನೋಡುವ ಕಡೆ.

ಯಲಬುರ್ಗಾ ಹತ್ತಿರದ ಮಂಗಳೂರು ಎಂಬ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು. ನೋಟ್‌ಪ್ಯಾಡಿನ ಮುಂದೆ ಕೂತು ಎಷ್ಟೋ ಸಲ ಅತ್ತಿದ್ದಳು. ಬೆರಳಿಗೆ ಅಕ್ಷರ ಹುಡುಕುವುದೇ ಅವಳಿಗೆ ಕಷ್ಟ, ಅದರ ಮೇಲೆ ಕೊಕ್ಕೆಗಳ ಕಾಟ. ಹೊಸ ಸಾಫ್ಟ್‌ವೇರಿನಲ್ಲಿ ಅವಳು ಮಧ್ಯಾಹ್ನದೊಳಗೆ ತನ್ನ ಊರಿನ ಶಾಲೆಯ ಪುಟ ಮಾಡಿ, ಗಟ್ಟಿಯಾಗಿ ನಕ್ಕಳು. ಸರ್ ಆ ನಗೆ ಬಂದ ಕಡೆ ಮುಖ ತಿರುಗಿಸಿದರು. “ಈ ಹುಡುಗಿ ನಕ್ಕಿದ್ದು ಇವತ್ತ ಕೇಳಿದೆ ನೋಡ್ರಿ ಬಾಯಾರ. ನನ್ನ ಪಾಠದಾಗ ಬರೇ ಮೂಗು ಏರಸ್ತಿದ್ಲು” ಎಂದರು. ಅವರ ದನಿಯಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ನಿಜವಾಗಿ ಸಂತೋಷಪಟ್ಟಿದ್ದರು.

ವಾರ ಕಳೆಯುವಷ್ಟರಲ್ಲಿ ಅದೇ ಹುಡುಗಿಯ ಪುಟ ಕೆಟ್ಟಿತು. ಫೋಟೋವನ್ನು ಅಲ್ಲಿಗೆ ಇಲ್ಲಿಗೆ ಎಳೆದಾಡಿ, ಬಣ್ಣ ಹಾಕಿ ತೆಗೆದು, ಮತ್ತೆ ಹಾಕಿ, ಕೊನೆಗೆ ಯಾವ ಗುಂಡಿ ಒತ್ತಿದರೂ ಅಕ್ಷರ ಕೆಂಪಗೇ ಉಳಿದವು. ಮೇಲಿನಿಂದ ನೋಡಿದರೆ ಕಾರಣ ತಿಳಿಯುತ್ತಿರಲಿಲ್ಲ. ಸರ್ ನನ್ನನ್ನು ಕರೆದು ಹಿಂದಿನ ಬರಹ ತೆಗೆಸಿದರು, ಓದಿಸಿದರು. ನಾನು ಓದುತ್ತ ಹೋದೆ. ಅವರು ಕಣ್ಣು ಮುಚ್ಚಿ ಕೇಳುತ್ತ ಹೋದರು. “ನಿಲ್ರಿ. ಅದನ್ನ ತೆರದದ್ದು ಎಲ್ಲಿ? ಮ್ಯಾಲ? ಒಳಗ ಏನೂ ಇಲ್ಲಲ್ಲ, ತಗೀರಿ ಅದನ್ನ.” ಕೊಪ್ಪಳದ ಯಾವುದೋ ಮನೆಗೆ ದಾರಿ ಹೇಳುವವರ ಹಾಗೆ ಹೇಳುತ್ತಿದ್ದರು. ಪುಟ ಸರಿಯಾಯಿತು. ಅವರೇ ಯಾಕೆ ನೋಡಲಿಲ್ಲ ಎಂಬ ಪ್ರಶ್ನೆ ಆಗಲೂ ನನಗೆ ಹೊಳೆಯಲಿಲ್ಲ.

ಹೊಸ ಸಾಫ್ಟ್‌ವೇರ್ ಬಂದ ಮೇಲೆ ಸರ್ ಕ್ಲಾಸಿನಲ್ಲಿ ಮೆತ್ತಗಾದರು. ಹುಡುಗರು, “ಸರ್, ಆ ಗುಂಡಿ ಎಲ್ಲೈತ್ರಿ?” ಎಂದು ಕೇಳಿದರೆ, “ಅಲ್ಲೇ ಐತಿ, ಹುಡುಕ್ರಿ” ಎನ್ನುತ್ತಿದ್ದರು. ಮಾಲೀಕರು ಅದನ್ನು ಗಮನಿಸಿದ್ದರು. “ಸರ್ ಇದನ್ನ ಕಲಸಾಕ ಮನಸ್ಸು ಮಾಡವಲ್ರು” ಎಂದು ನನ್ನ ಮುಂದೆಯೇ ಅಂದರು. ಗಂಗಾವತಿಯ ಒಬ್ಬ ಅಕ್ಕಿ ಮಿಲ್ಲಿನ ಧಣಿ ತಮ್ಮ ಮಿಲ್ಲಿಗೆ ಪುಟ ಮಾಡಿಸಲು ಬರುವವರಿದ್ದರು. ಅವರ ಮುಂದೆ ಸರ್ ಹೊಸ ಸಾಫ್ಟ್‌ವೇರಿನಲ್ಲೇ ಮಾಡಿ ತೋರಿಸಬೇಕು, ಇಲ್ಲವಾದರೆ ಬೇರೆ ಮಾಸ್ತರರನ್ನು ನೋಡುವುದು ಎಂದು ಮಾಲೀಕರು ಸ್ಪಷ್ಟವಾಗಿಯೇ ಹೇಳಿಬಿಟ್ಟರು. ಸರ್‌ಗೆ ಬೇರೆ ಆಧಾರವಿರಲಿಲ್ಲ. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಮಕ್ಕಳು. ಅದಕ್ಕಿಂತ ಹೆಚ್ಚಾಗಿ ಅವರಿಗೆ ಆ ಕೋಣೆ ಬೇಕಾಗಿತ್ತು.

ಧಣಿ ಬಂದರು. ಕಾಲುವೆ ಸೀಮೆಯವರು, ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು. ನಾನು ಕುರ್ಚಿ ಹಾಕಿ, ಚಹಾ ತರಿಸಲು ಬಾಗಿಲಿಗೆ ಹೋದೆ. ಸರ್ ಆಗಲೇ ಕೂತು ಬಡಿಯತೊಡಗಿದ್ದರು. ಎಂದಿನ ಹಾಗೆ ಬೆರಳು ಓಡುತ್ತಿದ್ದವು. ಗುಂಡಿಗಳನ್ನು ಹುಡುಕುವ ತಾಪತ್ರಯ ಬೇಡವೆಂದು ಅವರು ಕೊಕ್ಕೆಗಳನ್ನೇ ನೇರ ಬರೆಯುತ್ತಿದ್ದರು. ಅದರಲ್ಲಿ ತಪ್ಪೇನೂ ಇಲ್ಲ, ಹಿಂದಿನ ಕಡೆ ತೆರೆದು ಬರೆದರೆ ಪುಟ ಸರಿಯಾಗಿಯೇ ಬರುತ್ತದೆ. ಆದರೆ ಅವತ್ತು ತೆರೆದಿದ್ದದ್ದು ಹಿಂದಿನ ಕಡೆಯಲ್ಲ, ಪುಟ ಬರೆಯುವ ಮುಂದಿನ ಕಡೆ. ಅಲ್ಲಿ ಬರೆದದ್ದನ್ನೆಲ್ಲ ಅದು ಬರಿಯ ಅಕ್ಷರ ಎಂದೇ ತಿಳಿಯುತ್ತದೆ. ಅಡಿಯಲ್ಲಿದ್ದ ಆ ಸಣ್ಣ ಗುಂಡಿಗಳಲ್ಲಿ ಯಾವುದು ಒತ್ತಿದೆ ಎಂದು ಕಣ್ಣು ಹಾಯಿಸಿದ್ದರೆ ಸಾಕಿತ್ತು...

ಮುಗಿಸಿ, ಸರ್ ಕುರ್ಚಿಯನ್ನು ಧಣಿಯ ಕಡೆ ತಿರುಗಿಸಿ ಹೇಳತೊಡಗಿದರು. “ಮ್ಯಾಲ ಹಸರು ಪಟ್ಟಿ ನೋಡ್ರಿ, ಭತ್ತದ ಗದ್ದಿ ಬಣ್ಣ. ನಡುವ ನಿಮ್ಮ ಮಿಲ್ಲಿನ ಹೆಸರು. ಕೆಳಗ ಅಕ್ಕಿ ತಳಿಗೋಳು, ಸಾಲಾಗಿ...”

ಪರದೆಯ ಮೇಲೆ ಹಸಿರು ಇರಲಿಲ್ಲ. ಬಿಳಿಯ ಮೇಲೆ ಕಪ್ಪು ಅಕ್ಷರ, ಕೊಕ್ಕೆ, ಅಕ್ಷರ, ಕೊಕ್ಕೆ.

ಧಣಿ ಮುಂದೆ ಬಾಗಿ ನೋಡಿದರು. “ಏಮಿ ಸಾರ್ ಇದು? ನಮ್ಮ ಸೋನಾ ಮಸೂರಿ ಹಿಂದ ಮುಂದ ಇವೆಲ್ಲಾ ಏನ್ರಿ? ಅಕ್ಕಿಯೊಳಗ ನುಸಿ ಬಿದ್ದಂಗ ಕಾಣಸ್ತೈತಲ್ರಿ!”

ಹುಡುಗರು ನಕ್ಕರು. ಸರ್ ಕೂಡ ಅರ್ಧ ನಕ್ಕು, ಧಣಿ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು, “ಹಸರು ಬ್ಯಾಡಂದ್ರ ಬ್ಯಾರೆ ಬಣ್ಣ ಹಾಕೂಣ್ರಿ” ಎಂದರು. ಆಗ ನಗು ನಿಂತಿತು. ಕೋಣೆಯಲ್ಲಿ ಎಲ್ಲರಿಗೂ ಒಟ್ಟಿಗೇ ತಿಳಿಯಿತು. ನಾನು ಹತ್ತಿರ ಹೋಗಿ, “ಸರ್, ಕೊಕ್ಕಿ ಕಾಣಸಾಕತ್ತಾವ್ರಿ” ಎಂದೆ. ಅವರ ಬೆರಳುಗಳು ತಮ್ಮಷ್ಟಕ್ಕೆ ಕೀಬೋರ್ಡಿನ ಮೇಲೆ ಹೋಗಿ ಕೂತವು.

ಮಾಲೀಕರು ಮೆಲ್ಲಗೆ ಕೇಳಿದರು. “ಸರ್, ನಿಮಗ ಕಾಣಸ್ತೈತೇನ್ರಿ?”

“ನಡುವ ಒಂದೀಟು ಕಾಣಸ್ತೈತ್ರಿ. ಕೊಳವಿಯೊಳಗಿಂದ ನೋಡಿದಂಗ. ಬಾಜೂಕ ಏನೈತಿ, ಕೆಳಗ ಏನೈತಿ, ತಿಳಿಯೂದಿಲ್ಲ. ಸಣ್ಣಾಂವ ಇದ್ದಾಗಿಂದ ಇರುಳಗಣ್ಣು. ಈಗೀಗ ಹಗಲೂ ಕಡಿಮಿ ಆಗಾಕತ್ತೈತಿ.”

ಧಣಿ ಒಳ್ಳೆಯವರು. ಚಹಾ ಕುಡಿದು, “ಆಗ್ಲಿ ಬಿಡ್ರಿ ಸಾರ್, ಪುಟ ನೀವಾ ಮಾಡ್ರಿ, ನಿಧಾನಕ್ಕ” ಎಂದು ಹೇಳಿ ಹೋದರು. ಮಾಲೀಕರೂ ಕೆಟ್ಟವರಲ್ಲ. ಹೊಸಬರ ಕ್ಲಾಸನ್ನು ಬಾಯಾರು ತೆಗೆದುಕೊಳ್ಳಲಿ, ಸರ್ ರಿಪೇರಿ ಕೆಲಸ ನೋಡಲಿ ಎಂದರು. ಆದರೆ ಆ ಕಾಲದಲ್ಲಿ ಕೊಪ್ಪಳದಲ್ಲಿ ರಿಪೇರಿಗೆ ಬರುವಷ್ಟು ಪುಟಗಳೆಲ್ಲಿದ್ದವು? ಅದು ಮಾಲೀಕರಿಗೂ ಗೊತ್ತಿತ್ತು, ಸರ್‌ಗೂ ಗೊತ್ತಿತ್ತು.

ಸಂಜೆ ಮೆಟ್ಟಿಲಿಳಿಯುವಾಗ ಸರ್ ಗೋಡೆಗೆ ಅಂಗೈ ಹಚ್ಚಿಕೊಂಡೇ ಇಳಿದರು. ದಿನಾ ಹಾಗೆಯೇ ಇಳಿಯುತ್ತಿದ್ದರು. ನನಗೆ ಅಂದು ಮಾತ್ರ ಕಂಡಿತು. “ನಾನು ಕಲಸಾಂಗಿಲ್ರಿ ಸರ್. ನಿಮ್ಮ ಕುರ್ಚಿಮ್ಯಾಗ ನಾ ಹೆಂಗ ಕೂಡ್ಲಿ?” ಎಂದೆ.

“ಕುರ್ಚಿ ಸಾವ್ಕಾರಂದು, ಕೂಡ್ರಿ” ಎಂದು ನಕ್ಕರು. ಆಮೇಲೆ ನಿಂತು ಹೇಳಿದರು. “ಬಾಯಾರ, ಹೊಸಬರಿಗೆ ಮೊದ್ಲ ಆ ಚಿತ್ರದ ಗುಂಡಿ ಕೊಡ್ರಿ. ನಾ ಉಲ್ಟಾ ಮಾಡಿದ್ದೆ. ಈಜು ಬರಲಾರದವರನ್ನ ಡ್ಯಾಮಿನಾಗ ಇಳಿಸಿದಂಗ ಆಗಿತ್ತು. ಅವರು ಮಾಡ್ಲಿ, ನಗಲಿ. ಒಂದಿನ ಕೆಡತೈತಿ. ಯಾಕ ಕೆಟ್ಟೈತಿ ಅಂತ ಅವರಾ ಬಂದು ಕೇಳ್ತಾರ. ಅವತ್ತ ಹಿಂದಿನ ಕಡಿ ತೆರದು ತೋರಸ್ರಿ. ಕೇಳೂತನಕ ತೋರಸಬ್ಯಾಡ್ರಿ.”

ಆ ಬ್ಯಾಚಿನ ಕ್ಲಾಸು ಮುಗಿದ ಮೇಲೆ ಸರ್ ಬರಲಿಲ್ಲ.

ನಾನು ಕಲಿಸಿದೆ. ಅವರು ಹೇಳಿದ ಹಾಗೆಯೇ ಕಲಿಸಿದೆ. ಹೊಸದಾಗಿ ಬಂದವರಿಗೆ ಕಣ್ಣಿಗೆ ಕಾಣುವುದು ಬೇಕು. ಏನು ಒತ್ತಬಹುದು ಎಂದು ಪರದೆಯೇ ಹೇಳಿಕೊಟ್ಟರೆ ಅವರಿಗೆ ಧೈರ್ಯ ಬರುತ್ತದೆ. ವರ್ಷಗಟ್ಟಲೆ ಮಾಡಿದವರಿಗೆ ಅದೇ ಗುಂಡಿಗಳು ಕಾಲಿಗೆ ತೊಡರುತ್ತವೆ. ಕೈ ಕೀಬೋರ್ಡು ಬಿಟ್ಟು ಮೌಸಿಗೆ ಹೋಗಿ ಬರುವಷ್ಟರಲ್ಲಿ ಮನಸ್ಸಿನಲ್ಲಿದ್ದದ್ದು ಹಾರಿಹೋಗುತ್ತದೆ. ನಾನೂ ಒಂದು ದಿನ ನನಗೆ ಗೊತ್ತಿಲ್ಲದೆಯೇ ಗುಂಡಿಗಳನ್ನು ಬಿಟ್ಟು ಕೊಕ್ಕೆಗಳ ಕಡೆ ಹೊರಳಿದ್ದೆ. ಎಂದು ಹೊರಳಿದೆ, ನೆನಪಿಲ್ಲ...

ಪುಟ ಕೆಟ್ಟು ತಿಳಿಯದಿದ್ದಾಗ ಮುನಿರಾಬಾದಿಗೆ ಫೋನ್ ಮಾಡುತ್ತಿದ್ದೆ. ನಾನು ಓದುವುದು, ಅವರು ಆ ಕಡೆಯಿಂದ ಹೂಂಗುಟ್ಟುವುದು. ಮಕ್ಕಳಿಗೆ ಪಾಠ ಹೇಳಿ ಅವರು ಮನೆ ನಡೆಸಿದ ವರ್ಷಗಳು ಅವು. ಆಮೇಲೆ, ಕಣ್ಣು ಪೂರ್ತಿ ಹೋದ ಮೇಲೆ, ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್ ಒಂದು ಸಿಕ್ಕಿತು. ಸರ್ ಮತ್ತೆ ಕೆಲಸಕ್ಕೆ ಕೂತರು. ಕಣ್ಣಿಲ್ಲದವರಿಗೂ ತಿಳಿಯುವ ಹಾಗೆ ಪುಟಗಳನ್ನು ತಿದ್ದಿ ಕೊಡುವ ಕೆಲಸ. ಎಲ್ಲೆಲ್ಲಿಂದಲೋ ಬರುತ್ತಿತ್ತು, ಮನೆಯಲ್ಲೇ ಕೂತು ಮಾಡುತ್ತಿದ್ದರು. ಒಮ್ಮೆ ಅವರೇ ಫೋನ್ ಮಾಡಿ ಬೈದರು. “ಏನ್ ಬಾಯಾರ, ನಿಮ್ಮ ಪುಟದಾಗ ಫೋಟೋ ಹಾಕೀರಿ, ಅದರ ಹಿಂದ ಎರಡು ಮಾತು ಬರ್ದಿಲ್ಲ. ಈ ಯಂತ್ರ ನನಗ ‘ಚಿತ್ರ’ ಅಂತೈತಿ, ಸುಮ್ಮನಾಗ್ತೈತಿ. ಯಾರ ಚಿತ್ರ ಅಂತ ನಾ ಯಾರನ್ನ ಕೇಳ್ಲಿ?” ಅಂದಿನಿಂದ ಹೆಸರಿಲ್ಲದೆ ಒಂದೂ ಫೋಟೋ ಹಾಕಿಲ್ಲ.

ಅವರು ಹೋದದ್ದು ನಿದ್ದೆಯಲ್ಲಿ. ನನಗೆ ಸುದ್ದಿ ತಿಳಿಯುವಷ್ಟರಲ್ಲಿ ಮಣ್ಣಾಗಿತ್ತು.

ಈಚೆಗೆ, ಮನಸ್ಸು ಗಟ್ಟಿ ಮಾಡಿಕೊಂಡು ಮುನಿರಾಬಾದಿಗೆ ಹೋದೆ. ಅವರ ಹೆಂಡತಿ, ನಾನು ಅಕ್ಕಾರ ಎನ್ನುತ್ತೇನೆ, ಒಳಗೆ ಕರೆದು ಕೂರಿಸಿದರು. ಮಕ್ಕಳು ಕೆಲಸದ ಮೇಲೆ ಹೊರಗೆ ಹೋಗಿದ್ದರು. ಮೂಲೆಯ ಮೇಜಿನ ಮೇಲೆ ಕೀಬೋರ್ಡು, ಸ್ಪೀಕರ್, ಕೆಳಗೆ ಯಂತ್ರದ ಡಬ್ಬಿ. ಪರದೆ ಇರಲಿಲ್ಲ.

“ಅದನ್ನ ಯಾವಾಗೋ ಬಾಜೂಮನಿ ಹುಡುಗಗ ಕೊಟ್ರು ತಂಗಿ. ನನಗ್ಯಾಕ ಕಿಡಕಿ, ಅಂದ್ರು.” ಸ್ಪೀಕರ್ ಮೇಲೆ ಕೈಯಾಡಿಸುತ್ತ ಹೇಳಿದರು. “ಹಗಲೆಲ್ಲಾ ಒಂದಸವನ ವಟಗುಡ್ತಿತ್ತು ಇದು. ತಲಿ ಕೆಟ್ಟು ಬೈತಿದ್ದೆ. ಈಗ ಮನಿ ಸುಮ್ಮಂದ್ರ ಸುಮ್ಮ. ಒಂದೀಟು ಹಚ್ಚಿ ಕೊಡ್ತಿಯೇನು? ನನಗ ಏನೂ ತಿಳಿಯೂದಿಲ್ಲ. ಅದರ ದನಿ ಕೇಳಬೇಕು ಅಷ್ಟ.”

ಕೂತೆ. ಗುಂಡಿ ಒತ್ತಿ ಯಂತ್ರ ಚಾಲೂ ಮಾಡಿದೆ. ಎದುರಿಗೆ ಬರಿ ಗೋಡೆ. ಇಷ್ಟು ವರ್ಷ ಕಲಿಸಿದವಳು, ಮೊದಲ ದಿನದವಳ ಹಾಗೆ ಕೈ ಎತ್ತಿ ಕೂತೆ. ಏನು ತೆರೆದಿದೆ, ಎಲ್ಲಿದ್ದೇನೆ, ಏನೂ ತಿಳಿಯಲಿಲ್ಲ. ಒಂದು ಒತ್ತಿದರೆ ಯಂತ್ರ ಬೇರೆ ಏನೋ ಹೇಳುತ್ತಿತ್ತು. ತಡವರಿಸಿದೆ, ಹಿಂದೆ ಬಂದೆ, ಮತ್ತೆ ಹೋದೆ. ಅಕ್ಕಾರ ನನ್ನ ಮುಖ ನೋಡಿ, “ಅವರಿಗೂ ಮೊದಮೊದ್ಲ ಹಿಂಗ ಆಗ್ತಿತ್ತವ್ವ” ಎಂದರು. ಕೊನೆಗೆ ಒಂದು ಫೈಲು ತೆರೆಯಿತು. ಅವರು ತಿದ್ದುತ್ತಿದ್ದ ಯಾವುದೋ ಪುಟ. ಕೆಳಗಿನ ಬಾಣದ ಗುಂಡಿ ಒತ್ತಿದೆ. ಯಂತ್ರ ತನ್ನ ಇಂಗ್ಲಿಷಿನಲ್ಲಿ ಒಂದು ಸಾಲು ಓದಿತು. ಕೊಕ್ಕೆ, ಅಕ್ಷರ, ಕೊಕ್ಕೆ.

“ಹಾಂ, ಇದ. ಇದ ನೋಡು” ಎಂದು ಅಕ್ಕಾರ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ಅವರ ಬೆರಳನ್ನು ಹಿಡಿದು ಆ ಗುಂಡಿಯ ಮೇಲೆ ಇಟ್ಟೆ. ಅದೊಂದೇ ಗುಂಡಿ. ಒತ್ತಿದರೆ ಮುಂದಿನ ಸಾಲು. ಅವರು ಒತ್ತಿದರು, ಕೇಳಿದರು, ಒತ್ತಿದರು. “ಏನ್ ಒದರ್ತೈತೋ ಏನೋ” ಎಂದು ನಕ್ಕರು, ಸೆರಗಿನಿಂದ ಕಣ್ಣು ಒರೆಸಿಕೊಂಡರು, ಮತ್ತೆ ಒತ್ತಿದರು. ಒಂದು ಕಡೆ ಯಂತ್ರ ಒಂದೇ ಮಾತನ್ನು ಹೇಳತೊಡಗಿತು. ಒತ್ತಿದರೆ ಅದೇ, ಮತ್ತೆ ಒತ್ತಿದರೆ ಅದೇ.

“ಏನಂತೈತಿ ತಂಗಿ?”

“ಖಾಲಿ ಅಂತೈತ್ರಿ ಅಕ್ಕಾರ. ಸರ್ ಬರದದ್ದು ಇಲ್ಲಿಗೆ ಮುಗೀತು.”

ಅವರು ಬೆರಳು ತೆಗೆಯಲಿಲ್ಲ. ಹೊರಗೆ ಕಾಲನಿಯ ರಸ್ತೆಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು...

“ಹಂಗಾರ ಮ್ಯಾಲಿಂದ ಹಚ್ಚು ಮತ್ತ” ಎಂದರು.